ಮಳೆಯಲ್ಲಿ ನಿಲ್ಲುವ ಗಾಡಿ: ವಿಜಯಪುರದಿಂದ ಕಣಕುಂಬಿಯವರೆಗಿನ ದಾರಿಯಲ್ಲಿ ದೋಷ ಹುಡುಕುವ ಕ್ರಮ

ಆರಿದ್ರಾ ಮಳೆಯ ಹೊತ್ತಿನಲ್ಲಿ ವಿಜಯಪುರದಿಂದ ಹೊರಟು, ಕೊಲ್ಹಾರದ ಬಳಿ ಕೃಷ್ಣೆಯನ್ನೂ ಅನಗವಾಡಿಯ ಬಳಿ ಘಟಪ್ರಭೆಯನ್ನೂ ದಾಟಿ, ಗದ್ದನಕೇರಿ ಕ್ರಾಸಿನಲ್ಲಿ ಪಶ್ಚಿಮಕ್ಕೆ ಹೊರಳಿ, ಕಲಾದಗಿ, ಲೋಕಾಪುರ, ಯರಗಟ್ಟಿ, ನೇಸರಗಿಗಳ ಮೇಲೆ ಬೆಳಗಾವಿ ಸೇರಿ, ಅಲ್ಲಿಂದ ಜಾಂಬೋಟಿಯ ಕಾಡು ಹೊಕ್ಕು ಕಣಕುಂಬಿಗೆ ಹೋಗುವ ಬೈಕ್ ಸವಾರನು ಒಂದೇ ದಿನದಲ್ಲಿ ಮೂರು ಬಗೆಯ ಹವೆಯನ್ನು ಹಾಯುತ್ತಾನೆ. ವಿಜಯಪುರದ ಕಡೆ ಮುಂಗಾರು ಹೆಸರಿಗಷ್ಟೇ ಬಂದಿರುತ್ತದೆ. ಎರೆಹೊಲಗಳ ಮೇಲಿಂದ ಬೀಸುವ ಗಾಳಿ ಸಣ್ಣ ಧೂಳನ್ನು ಹೊತ್ತು ತರುತ್ತದೆ, ಪೆಟ್ರೋಲ್ ಟ್ಯಾಂಕಿನ ಮೇಲೆ ಅಂಗೈ ಊರಲಾಗದಷ್ಟು ಬಿಸಿಲಿರುತ್ತದೆ. ಯರಗಟ್ಟಿ ದಾಟುವಷ್ಟರಲ್ಲಿ ಮೋಡ ಕವಿದು ಜಿಟಿಜಿಟಿ ಹನಿ ಶುರುವಾಗುತ್ತದೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ಹತ್ತಿರ ಬಂದಾಗ ಹೆಲ್ಮೆಟ್ಟಿನ ಗಾಜಿನಾಚೆ ಮಳೆ ಮತ್ತು ಮಂಜು ಬಿಟ್ಟರೆ ಬೇರೇನೂ ಕಾಣುವುದಿಲ್ಲ.

ಈ ದಾರಿಯಲ್ಲಿ ಗಾಡಿ ಕೆಟ್ಟು ನಿಂತರೆ ಸವಾರರು ಮೊದಲು ದೂರುವುದು ಮಳೆಯನ್ನು. ನಾನೂ ಗೆಳೆಯನೂ ಹಾಗೆಯೇ ದೂರಿದೆವು, ಅದರಿಂದ ಅರ್ಧ ದಿನ ಕಳೆದುಕೊಂಡೆವು. ನನ್ನ ಗಾಡಿಯಲ್ಲಿ ಆ ದಿನ ಇದ್ದದ್ದು ಒಂದಲ್ಲ, ಎರಡು ದೋಷಗಳು. ಎರಡೂ ಹುಟ್ಟಿದ್ದು ಬಯಲುಸೀಮೆಯ ಧೂಳು ಮತ್ತು ಬಿಸಿಲಿನಲ್ಲಿ, ಕಾಣಿಸಿಕೊಂಡದ್ದು ಮಾತ್ರ ಮಲೆನಾಡಿನ ಮಳೆಯಲ್ಲಿ. ಆದ್ದರಿಂದ ಈ ಕೈಪಿಡಿಯಲ್ಲಿ ಮಳೆಯನ್ನು ಕಾರಣವೆಂದು ಮೊದಲೇ ತೀರ್ಮಾನಿಸದೆ, ದೋಷ ಯಾವ ಸ್ಥಿತಿಯಲ್ಲಿ ಬರುತ್ತದೆ, ಯಾವುದರಿಂದ ಹೋಗುತ್ತದೆ ಎಂಬುದನ್ನು ಹಿಡಿದು ಮೂಲಕ್ಕೆ ಹೋಗುವ ಕ್ರಮವನ್ನು ಬರೆದಿದ್ದೇನೆ. ಇಲ್ಲಿ ಹೇಳಿರುವುದು ಮುಖ್ಯವಾಗಿ ಕಾರ್ಬೋರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇರುವ ಒಂಟಿ ಸಿಲಿಂಡರಿನ ಗಾಡಿಗಳಿಗೆ ಅನ್ವಯಿಸುತ್ತದೆ. 2020ರ ಏಪ್ರಿಲ್‌ನಲ್ಲಿ ಭಾರತ್ ಸ್ಟೇಜ್ 6 ಹೊಗೆ ನಿಯಮ ಜಾರಿಗೆ ಬಂದ ಮೇಲೆ ಮಾರುಕಟ್ಟೆಗೆ ಬಂದ ಬಹುತೇಕ ಗಾಡಿಗಳಲ್ಲಿ ಪಂಪಿನ ಒತ್ತಡದಿಂದ ಪೆಟ್ರೋಲ್ ಸಿಂಪಡಿಸುವ ಫ್ಯೂಯಲ್ ಇಂಜೆಕ್ಷನ್ ಇರುವುದರಿಂದ ಅವುಗಳ ಬಗ್ಗೆ ಬೇರೆಯಾಗಿ ಕೆಲವು ಮಾತು ಹೇಳಿದ್ದೇನೆ.

ಪಾನಾ ಹಿಡಿಯುವ ಮೊದಲು

ಗಾಡಿ ನಿಂತ ತಕ್ಷಣ ಸೀಟು ಬಿಚ್ಚಲು ಹೋಗಬಾರದು. ಮೊದಲು ರಸ್ತೆಯ ಅಂಚಿಗೆ ಸರಿದು, ಎಂಜಿನ್ ಹೇಗೆ ನಿಂತಿತು ಎಂಬುದನ್ನು ನೆನಪು ಮಾಸುವ ಮೊದಲು ಬರೆದುಕೊಳ್ಳಬೇಕು. ನಾವು ಚಿಕ್ಕ ನೋಟುಪುಸ್ತಕವೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟ್ಯಾಂಕ್ ಚೀಲದಲ್ಲಿ ಇಟ್ಟಿದ್ದೆವು. ಅದರಲ್ಲಿ ಮೀಟರಿನ ಕಿಲೋಮೀಟರ್, ಹೊತ್ತು, ಹವೆ, ಎಂಜಿನ್ ನಿಂತ ಬಗೆ, ನಾವು ಮಾಡಿದ್ದು, ಆಮೇಲೆ ಆದದ್ದು, ಇಷ್ಟನ್ನು ಪ್ರತಿ ಸಲ ಬರೆದೆವು. ಕೊನೆಗೆ ನಮ್ಮ ಮೊದಲ ದೋಷವನ್ನು ಹಿಡಿದುಕೊಟ್ಟದ್ದು ಯಾವ ಉಪಕರಣವೂ ಅಲ್ಲ, ಈ ಪುಸ್ತಕದ ಮೂರು ಸಾಲುಗಳು.

ಸ್ವಿಚ್ ಒತ್ತಿದಂತೆ ಎಂಜಿನ್ ಒಮ್ಮೆಲೇ ಸತ್ತರೆ ದೋಷ ಕರೆಂಟಿನ ಕಡೆ ಇರುವ ಸಾಧ್ಯತೆ ಹೆಚ್ಚು: ಕಿಲ್ ಸ್ವಿಚ್, ಚಾವಿಯ ಸ್ವಿಚ್, ಫ್ಯೂಸ್, ಬ್ಯಾಟರಿಯ ಸಡಿಲ ಟರ್ಮಿನಲ್, ಕೆಸರು ತುಂಬಿದ ಸೈಡ್ ಸ್ಟ್ಯಾಂಡ್ ಸ್ವಿಚ್. ಎಂಜಿನ್ ಉಸಿರುಗಟ್ಟಿದವರಂತೆ ಮೆಲ್ಲಗೆ ಶಕ್ತಿ ಕಳೆದುಕೊಳ್ಳುತ್ತಾ, ಮುಂದಕ್ಕೂ ಹಿಂದಕ್ಕೂ ಎಳೆದಾಡುತ್ತಾ ನಿಂತರೆ, ಮತ್ತು ಆ ಹೊತ್ತಿನಲ್ಲಿ ಗಾಳಿ ತಗ್ಗಿಸಿ ಪೆಟ್ರೋಲ್ ಹೆಚ್ಚಿಸುವ ಚೋಕ್ ಎಳೆದರೆ ನಾಲ್ಕು ಹೆಜ್ಜೆ ಹೆಚ್ಚು ಓಡಿದರೆ, ಪೆಟ್ರೋಲ್ ಸಾಲುತ್ತಿಲ್ಲ ಎಂದೇ ತಿಳಿಯಬೇಕು. ಖಾಲಿ ಓಡುವಾಗ ಸರಿಯಾಗಿದ್ದು, ಏರಿನಲ್ಲಿ ಆಕ್ಸಿಲರೇಟರ್ ಹೆಚ್ಚು ತಿರುವಿದಾಗ ಮಾತ್ರ ಪಟ್ ಪಟ್ ಎಂದು ತಪ್ಪಿ ತಪ್ಪಿ ಉರಿಯುತ್ತಿದ್ದರೆ, ಮಳೆಯಲ್ಲಿ ಅದು ಬಹುಮಟ್ಟಿಗೆ ಕಿಡಿ ಹಾರಿಸುವ ಪ್ಲಗ್ಗಿಗೆ ಹೋಗುವ ಹೈ ಟೆನ್ಷನ್ ಕರೆಂಟ್ ನಡುವೆ ಸೋರುವ ಲಕ್ಷಣ.

ಇಬ್ಬರು ಎರಡು ಗಾಡಿಗಳಲ್ಲಿ ಹೋಗುವುದರ ದೊಡ್ಡ ಅನುಕೂಲ ಇಲ್ಲಿಯೇ ಇದೆ. ಹಿಂದೆ ಬರುವವನು ಮುಂದಿನವನಿಗೆ ಕಾಣದ್ದನ್ನು ಕಾಣುತ್ತಾನೆ. ಗಾಡಿ ಸಾಯುವ ಕ್ಷಣದಲ್ಲಿ ಹಿಂದಿನ ದೀಪ ಉರಿಯುತ್ತಲೇ ಇತ್ತೇ, ಮಿನುಗಿತೇ, ಆರಿತೇ ಎಂಬುದನ್ನು ಅವನು ಹೇಳಬಲ್ಲ. ದೀಪವೂ ಬ್ಯಾಟರಿಯಿಂದ ಉರಿಯುವ ಗಾಡಿಯಾದರೆ, ದೀಪ ಉಳಿದು ಎಂಜಿನ್ ಮಾತ್ರ ನಿಂತಾಗ ಬ್ಯಾಟರಿ ಮತ್ತು ಮುಖ್ಯ ಫ್ಯೂಸುಗಳ ಮೇಲಿನ ಅನುಮಾನವನ್ನು ಅಲ್ಲಿಗೇ ಬಿಡಬಹುದು. ಹಳೆಯ ಕೆಲವು ಗಾಡಿಗಳಲ್ಲಿ ದೀಪವು ಎಂಜಿನ್ ತಿರುಗಿದರಷ್ಟೇ ಉರಿಯುವುದರಿಂದ ಅವುಗಳಿಗೆ ಈ ಪರೀಕ್ಷೆ ನಡೆಯುವುದಿಲ್ಲ. ಸೈಲೆನ್ಸರಿನ ಹೊಗೆಯೂ ಅವನಿಗೇ ಕಾಣುವುದು. ಕಪ್ಪು ಹೊಗೆಯಾದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಏರ್ ಫಿಲ್ಟರ್ ನೆನೆದಿರಬಹುದು ಅಥವಾ ಚೋಕ್ ಹಾಗೆಯೇ ಉಳಿದಿರಬಹುದು. ನೀಲಿ ಹೊಗೆಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ತಣ್ಣನೆಯ ಮಳೆಯಲ್ಲಿ ಚಾಲೂ ಮಾಡಿದ ಮೊದಲ ಕೆಲವು ನಿಮಿಷ ಕಾಣುವ ಬಿಳಿ ಹಬೆಗೆ ಗಾಬರಿಯಾಗಬೇಕಿಲ್ಲ.

ನಿಯಮವೊಂದನ್ನು ಮುರಿಯಬಾರದು: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಮಳೆಯಲ್ಲಿ ನೆನೆಯುತ್ತಾ ನಿಂತಾಗ ಪ್ಲಗ್ ಬದಲಿಸಿ, ಕಾರ್ಬೋರೇಟರಿನ ನೀರು ಇಳಿಸಿ, ಫಿಲ್ಟರ್ ಒರೆಸಿ, ಎಲ್ಲವನ್ನೂ ಒಟ್ಟಿಗೆ ಮುಗಿಸುವ ಆತುರ ಸಹಜ. ಹಾಗೆ ಮಾಡಿ ಗಾಡಿ ಚಾಲೂ ಆದರೆ ಯಾವುದರಿಂದ ಆಯಿತು ಎಂದು ತಿಳಿಯದು, 20 ಕಿಲೋಮೀಟರ್ ಮುಂದೆ ಮತ್ತೆ ನಿಂತಾಗ ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಗುತ್ತದೆ.

ಮೊದಲ ದೋಷ: ಉಸಿರಾಡದ ಟ್ಯಾಂಕ್

ಬೆಳಗಾವಿಯವರೆಗೆ ನನ್ನ ಗಾಡಿ ಒಮ್ಮೆಯೂ ನಿಂತಿರಲಿಲ್ಲ. ಮುಂದೆ ಕಾಡುದಾರಿಯೆಂದು ಊರ ಅಂಚಿನ ಪೆಟ್ರೋಲ್ ಪಂಪಿನಲ್ಲಿ ಟ್ಯಾಂಕನ್ನು ಬಾಯಿಯವರೆಗೆ ತುಂಬಿಸಿದೆ. ಅಲ್ಲಿಂದ 9 ಕಿಲೋಮೀಟರಿಗೆ ಎಂಜಿನ್ ಉಸಿರುಗಟ್ಟಿ ನಿಂತಿತು. ಪೆಟ್ರೋಲಿಗೆ ನೀರು ಸೇರಿತೇ ಎಂದು ಟ್ಯಾಂಕಿನ ಮುಚ್ಚಳ ತೆಗೆದು ಮೊಬೈಲ್ ಬೆಳಕಿನಲ್ಲಿ ನೋಡಿದೆವು, ಏನೂ ಕಾಣಲಿಲ್ಲ, ಮುಚ್ಚಿದೆವು. ಕಿಕ್ ಹೊಡೆದರೆ ಚಾಲೂ ಆಯಿತು. ಮತ್ತೆ 12 ಕಿಲೋಮೀಟರ್ ಓಡಿ ನಿಂತಿತು; ಮತ್ತೆ ಮುಚ್ಚಳ ತೆಗೆದು ನೋಡಿದೆವು, ಮತ್ತೆ ಚಾಲೂ ಆಯಿತು. ಮೂರನೆಯ ಸಲ ಜಾಂಬೋಟಿ ದಾಟಿ, 17 ಕಿಲೋಮೀಟರ್ ಓಡಿ ನಿಂತಿತು. ಪುಸ್ತಕದಲ್ಲಿ ಬರೆಯುತ್ತಿದ್ದ ಗೆಳೆಯ ಆ ಮೂರು ಅಂಕಿಗಳ ಮೇಲೆ ಬೆರಳಿಟ್ಟು, “ಲೇ ದೋಸ್ತ, ಮಳಿ ಜೋರ್ ಆಗ್ಲಾಕತ್ತೈತಿ, ಗಾಡಿ ಮಾತ್ರ ಮೊದಲಿಗಿಂತ ದೂರ ಓಡ್ಲಾಕತ್ತೈತಿ. ಮಳಿದ ತಪ್ಪಿದ್ರ ಹಿಂಗ್ಯಾಕ ಆಗತೈತಿ?” ಎಂದ.

ಆ ಪ್ರಶ್ನೆಯೇ ದೋಷದ ಬಾಗಿಲು ತೆರೆಯಿತು. ಮಳೆಯೇ ಕಾರಣವಾಗಿದ್ದರೆ ಮಳೆ ಹೆಚ್ಚಿದಂತೆ ದೋಷವೂ ಹೆಚ್ಚಬೇಕಿತ್ತು. ಇಲ್ಲಿ ಕಡಿಮೆಯಾಗುತ್ತಿದ್ದದ್ದು ಟ್ಯಾಂಕಿನ ಪೆಟ್ರೋಲ್ ಒಂದೇ.

ಕಾರ್ಬೋರೇಟರಿಗೆ ಪೆಟ್ರೋಲ್ ಇಳಿಯುವುದು ತನ್ನ ಭಾರದಿಂದ. ಇಳಿದಷ್ಟು ಜಾಗಕ್ಕೆ ಹೊರಗಿನ ಗಾಳಿ ಒಳಗೆ ಬರಬೇಕು, ಅದಕ್ಕಾಗಿ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ಗಾಳಿರಂಧ್ರವಿರುತ್ತದೆ. ಅದು ಕಟ್ಟಿಕೊಂಡರೆ ಟ್ಯಾಂಕಿನ ಒಳಗೆ ಒತ್ತಡ ಇಳಿದು ಪೆಟ್ರೋಲ್ ಕೆಳಗೆ ಹರಿಯುವುದು ನಿಲ್ಲುತ್ತದೆ. ಟ್ಯಾಂಕ್ ತುಂಬಿರುವಾಗ ಮೇಲೆ ಉಳಿದಿರುವ ಗಾಳಿ ಸ್ವಲ್ಪವೇ ಆದ್ದರಿಂದ, ಸ್ವಲ್ಪ ಪೆಟ್ರೋಲ್ ಇಳಿದರೂ ಒತ್ತಡ ಬೇಗ ಕುಸಿಯುತ್ತದೆ. ಟ್ಯಾಂಕ್ ಖಾಲಿಯಾದಂತೆ ಆ ಗಾಳಿ ಹೆಚ್ಚಿ, ಗಾಡಿ ನಿಲ್ಲುವ ಅಂತರವೂ ಹೆಚ್ಚುತ್ತದೆ. ವಿಜಯಪುರದಿಂದ ಅರ್ಧ ಟ್ಯಾಂಕಿನಲ್ಲಿ ಹೊರಟಿದ್ದರಿಂದ, ಮತ್ತು ರಂಧ್ರದಲ್ಲಿದ್ದ ಧೂಳು ಅಲ್ಲಿ ಇನ್ನೂ ಒಣಗಿಯೇ ಇದ್ದುದರಿಂದ, ಬೆಳಗಾವಿಯವರೆಗೆ ತೊಂದರೆ ಕಾಣಲಿಲ್ಲ. ನೇಸರಗಿಯ ಜಿಟಿಜಿಟಿ ಮಳೆ ಆ ಧೂಳನ್ನು ಕಲಸಿ ಮೆತ್ತಿತು. ಎರೆಮಣ್ಣು ನೆನೆದರೆ ಹೇಗೆ ಹಿಡಿದುಕೊಳ್ಳುತ್ತದೆ ಎಂಬುದನ್ನು ನಮ್ಮ ಭಾಗದ ರೈತರಿಗೆ ಹೇಳಬೇಕಿಲ್ಲ. ನಾವು ನೀರು ಹುಡುಕಲೆಂದು ಮುಚ್ಚಳ ತೆಗೆದಾಗಲೆಲ್ಲ ಟ್ಯಾಂಕಿಗೆ ಗಾಳಿ ಸಿಕ್ಕಿ ದೋಷ ತಾತ್ಕಾಲಿಕವಾಗಿ ಹೋಗುತ್ತಿತ್ತು. ಪರೀಕ್ಷೆಯೇ ಚಿಕಿತ್ಸೆಯಾಗಿ, ನಮಗೆ ಅದು ತಿಳಿಯದೆ ಹೋಗಿತ್ತು.

ಇದನ್ನು ಖಚಿತಪಡಿಸಿಕೊಳ್ಳುವ ಕ್ರಮ ಸರಳವಾಗಿದೆ. ಗಾಡಿ ನಿಂತ ಕೂಡಲೇ ಬೇರೇನನ್ನೂ ಮುಟ್ಟದೆ, ಮಳೆ ಬೀಳದಂತೆ ಮೇಲೆ ರೇನ್‌ಕೋಟ್ ಹಿಡಿದು, ಕಿವಿಯನ್ನು ಹತ್ತಿರ ತಂದು ಮುಚ್ಚಳವನ್ನು ಮೆಲ್ಲಗೆ ಸಡಿಲಿಸಬೇಕು. ಸುಸ್ ಎಂದು ಗಾಳಿ ಒಳಗೆ ಎಳೆದುಕೊಳ್ಳುವ ಸದ್ದು ಕೇಳಿದರೆ ರಂಧ್ರ ಕಟ್ಟಿದೆ. ಬಿಸಿಲಿನಲ್ಲಿ ನಿಂತ ಗಾಡಿಯಲ್ಲೂ ಸುಸ್ ಎನ್ನುವುದುಂಟು, ಆದರೆ ಅದು ಒಳಗಿನ ಆವಿ ಹೊರಬರುವ ಸದ್ದು, ಜೊತೆಗೆ ಪೆಟ್ರೋಲಿನ ಘಾಟು ಮುಖಕ್ಕೆ ಹೊಡೆಯುತ್ತದೆ. ಎರಡನ್ನೂ ಒಂದೆಂದು ಎಣಿಸಬಾರದು. ಎರಡನೆಯ ಸಾಕ್ಷಿಯಾಗಿ ಪ್ಲಗ್ ಬಿಚ್ಚಿ ನೋಡಬಹುದು. ನಮ್ಮದು ಒಣಗಿ ಬೆಳ್ಳಗಾಗಿತ್ತು, ಅಂದರೆ ಸಿಲಿಂಡರಿಗೆ ಪೆಟ್ರೋಲ್ ತಲುಪಿರಲಿಲ್ಲ. ಪ್ಲಗ್ ಪೆಟ್ರೋಲಿನಿಂದ ತೊಯ್ದಿದ್ದರೆ ಕಿಡಿಯನ್ನು ಅನುಮಾನಿಸಬೇಕಿತ್ತು.

ಮುಚ್ಚಳವನ್ನು ತಿರುವಿ ಹಿಡಿದಾಗ ಅದರ ಒಳಮೈಯಲ್ಲಿ ರಂಧ್ರವಿರಬೇಕಾದ ಜಾಗದಲ್ಲಿ ಕಪ್ಪು ಬೊಟ್ಟು ಕಂಡಿತು. ಹಳೆಯ ಕ್ಲಚ್ ವೈರಿನಿಂದ ಒಂದೇ ಎಳೆ ಬಿಡಿಸಿ ಮೆಲ್ಲಗೆ ತೂರಿಸಿದೆ. ಕಾಡಿಗೆಯಂತಹ ಅಂಟು ಮಣ್ಣು ಎಳೆಯ ತುದಿಗೆ ಸುತ್ತಿಕೊಂಡು ಬಂತು. ಬಾಯಿಯಿಂದ ಊದಿ, ಗಾಳಿ ಆಚೆ ಹೊರಟಿತೆಂದು ಕೆನ್ನೆಗೆ ತಾಗಿಸಿ ನೋಡಿ, ಮುಚ್ಚಿದೆ. ಆಮೇಲೆ ಮನೆ ಸೇರುವವರೆಗೆ ಆ ರೀತಿ ಗಾಡಿ ನಿಲ್ಲಲಿಲ್ಲ. ಕೆಲವು ಮುಚ್ಚಳಗಳಲ್ಲಿ ಚಿಕ್ಕ ವಾಲ್ವ್ ಇರುತ್ತದೆ, ಅದನ್ನು ತಂತಿಯಿಂದ ಜೋರಾಗಿ ಚುಚ್ಚಿದರೆ ಕೆಡುತ್ತದೆ. ದಾರಿಯಲ್ಲಿ ಸ್ವಚ್ಛ ಮಾಡಲಾಗದಿದ್ದರೆ ಹತ್ತು ಕಿಲೋಮೀಟರಿಗೊಮ್ಮೆ ಯಾವುದಾದರೂ ಸೂರಿನಡಿ ನಿಂತು ಮುಚ್ಚಳ ತೆಗೆದು ಹಾಕಿಕೊಂಡು ಹೋಗುವುದೇ ಕ್ಷೇಮ. ಟ್ಯಾಂಕ್ ಚೀಲದ ಮಳೆಕವಚವನ್ನು ಮುಚ್ಚಳದ ಮೇಲೆ ಬಿಗಿಯಾಗಿ ಎಳೆದು ಕಟ್ಟಿದರೂ ಇದೇ ದೋಷ ಬರುತ್ತದೆ, ಆದ್ದರಿಂದ ರಂಧ್ರ ತೆರೆದಿದ್ದರೂ ಕವಚವನ್ನು ಎತ್ತಿ ನೋಡಬೇಕು.

ಪೆಟ್ರೋಲಿಗೆ ನೀರು ಸೇರಿದಾಗ

ಮುಚ್ಚಳದ ಸುತ್ತಲಿನ ತಗ್ಗಿನಲ್ಲಿ ಇನ್ನೊಂದು ತೂತು ಇರುತ್ತದೆ. ಅಲ್ಲಿ ನಿಂತ ಮಳೆನೀರು ಒಂದು ಸಣ್ಣ ಪೈಪಿನ ಮೂಲಕ ಟ್ಯಾಂಕಿನ ಕೆಳಗೆ ಹೋಗಿ ಬೀಳಲೆಂದು ಅದನ್ನು ಇಟ್ಟಿರುತ್ತಾರೆ. ಇದೂ ನಮ್ಮ ಕಡೆಯ ಧೂಳಿನಿಂದ ಕಟ್ಟುತ್ತದೆ, ಆಗ ನೀರು ಮುಚ್ಚಳದ ಸುತ್ತ ಕೆರೆಯಂತೆ ನಿಲ್ಲುತ್ತದೆ. ಬಿಸಿಲಿಗೆ ಕಾದ ಟ್ಯಾಂಕಿನ ಮೇಲೆ ಒಮ್ಮೆಲೇ ತಣ್ಣನೆಯ ಮಳೆ ಸುರಿದರೆ ಒಳಗಿನ ಗಾಳಿ ಮತ್ತು ಆವಿ ಕುಗ್ಗುತ್ತವೆ. ಗಾಳಿರಂಧ್ರವೂ ಕಟ್ಟಿದ್ದರೆ ಆ ಎಳೆತ ನಿಂತ ನೀರನ್ನು ರಬ್ಬರ್ ವಾಷರಿನ ಸಂದಿನಿಂದ ಒಳಗೆ ಹೀರುತ್ತದೆ. ಬಿಸಿಲು ಮಳೆ ಬೆರೆತ ಈ ದಾರಿಯಲ್ಲಿ ಪೆಟ್ರೋಲಿಗೆ ನೀರು ಸೇರುವ ಬಗೆ ಹೆಚ್ಚಾಗಿ ಇದೇ ಎಂದು ನಾನು ನಂಬಿದ್ದೇನೆ. ಜನ ಸಾಮಾನ್ಯವಾಗಿ ಪೆಟ್ರೋಲ್ ಪಂಪಿನವರನ್ನು ಬೈಯುತ್ತಾರೆ. ಬೈಯುವ ಮೊದಲು ಈ ತೂತನ್ನು ನೋಡಬೇಕು. ಲೋಟದ ನೀರನ್ನು ತಗ್ಗಿಗೆ ಸುರಿದಾಗ ಅದು ಗಾಡಿಯ ಕೆಳಗೆ ತೊಟ್ಟಿಕ್ಕದಿದ್ದರೆ ತೂತು ಕಟ್ಟಿದೆ. ಈ ಪರೀಕ್ಷೆಯನ್ನು ಮುಚ್ಚಳ ಹಾಕಿಯೇ, ಗಾಳಿರಂಧ್ರ ಸ್ವಚ್ಛವಿರುವಾಗ, ಸ್ವಲ್ಪವೇ ನೀರಿನಿಂದ ಮಾಡಬೇಕು.

ನೀರು ಸೇರಿದ್ದನ್ನು ಟ್ಯಾಂಕಿನಲ್ಲಿ ಇಣುಕಿ ಕಾಣಲಾಗದು. ನೀರು ಪೆಟ್ರೋಲಿಗಿಂತ ಭಾರ, ಅದು ತಳಕ್ಕೆ ಇಳಿದು ಮೊದಲು ಕಾರ್ಬೋರೇಟರಿನ ತಳದಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲನ್ನೇ ಸೇರುತ್ತದೆ. ಪೆಟ್ರೋಲ್ ಕಾಕ್ ಬಂದ್ ಮಾಡಿ, ಬಟ್ಟಲಿನ ಕೆಳಗಿನ ಡ್ರೇನ್ ಸ್ಕ್ರೂ ಎರಡು ಸುತ್ತು ಸಡಿಲಿಸಿ, ಬರುವುದನ್ನು ಗಾಜಿನ ಲೋಟದಲ್ಲಿ ಹಿಡಿಯಬೇಕು. ಎಂಜಿನ್ ಬಿಸಿಯಿದ್ದರೆ ಆರುವವರೆಗೆ ಕಾಯಬೇಕು, ಚಹಾದಂಗಡಿಯ ಒಲೆಯಿಂದಲೂ ಬೀಡಿ ಸೇದುವವರಿಂದಲೂ ದೂರ ನಿಲ್ಲಬೇಕು. ಲೋಟವನ್ನು ಬೆಳಕಿಗೆ ಹಿಡಿದು ಓರೆ ಮಾಡಿದಾಗ, ನೀರಿದ್ದರೆ ತಳದಲ್ಲಿ ಪಾದರಸದ ಗುಳಿಗೆಗಳಂತೆ ದುಂಡಗಿನ ಹನಿಗಳು ಉರುಳಾಡುತ್ತವೆ, ಪೆಟ್ರೋಲಿನೊಡನೆ ಬೆರೆಯದೆ ತಮ್ಮತಮ್ಮಲ್ಲೇ ಕೂಡಿಕೊಳ್ಳುತ್ತವೆ. ಇತ್ತೀಚಿನ ಎಥೆನಾಲ್ ಬೆರೆತ ಪೆಟ್ರೋಲಿನಲ್ಲಿ ಮಾತ್ರ ಲಕ್ಷಣ ಸ್ವಲ್ಪ ಬೇರೆ. ಎಥೆನಾಲ್ ಅಲ್ಪ ನೀರನ್ನು ತನ್ನೊಳಗೇ ಕರಗಿಸಿಕೊಳ್ಳುತ್ತದೆ, ಅಷ್ಟರಿಂದ ಎಂಜಿನ್ನಿಗೆ ತೊಂದರೆಯಾಗದು. ನೀರು ಮಿತಿ ಮೀರಿದಾಗ ಎಥೆನಾಲೂ ನೀರೂ ಜೊತೆಯಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳದಲ್ಲಿ ಒಂದು ಪದರವಾಗಿ ಕೂರುತ್ತವೆ. ಆದ್ದರಿಂದ ಹನಿಗಳನ್ನಷ್ಟೇ ಅಲ್ಲ, ಲೋಟದಲ್ಲಿ ಎರಡು ಪದರಗಳ ನಡುವಿನ ಗೆರೆಯನ್ನೂ, ಮಬ್ಬಾದ ಬಣ್ಣವನ್ನೂ ಹುಡುಕಬೇಕು. ಗೆರೆ ಕಂಡರೆ ಬಟ್ಟಲು ಇಳಿಸಿದರಷ್ಟೇ ಸಾಲದು, ಟ್ಯಾಂಕಿನ ತಳದ ಪೆಟ್ರೋಲನ್ನೂ ಇಳಿಸಬೇಕಾಗುತ್ತದೆ.

ಟ್ಯಾಂಕ್ ಉಸಿರಾಡದ ದೋಷಕ್ಕೂ ಇದಕ್ಕೂ ವ್ಯತ್ಯಾಸ ಹೀಗೆ: ಅಲ್ಲಿ ಮುಚ್ಚಳ ತೆಗೆದರೆ ಗಾಡಿ ಸರಿಹೋಗುತ್ತದೆ, ಇಲ್ಲಿ ಮುಚ್ಚಳ ತೆಗೆದರೆ ಏನೂ ಆಗದು, ಬಟ್ಟಲು ಇಳಿಸಿದರೆ ಮಾತ್ರ ಸರಿಹೋಗುತ್ತದೆ, ಗಾಡಿ ಕುಲುಕಿದಾಗ ಅಥವಾ ರಿಸರ್ವಿಗೆ ತಿರುಗಿಸಿದಾಗ ಮತ್ತೆ ಬರುತ್ತದೆ.

ಎರಡನೆಯ ದೋಷ: ದಾರಿ ತಪ್ಪುವ ಕಿಡಿ

ಮೊದಲ ದೋಷ ಹೋದ ಮೇಲೆ ಗಾಡಿ ನಿಲ್ಲಲಿಲ್ಲ, ಆದರೆ ಕಣಕುಂಬಿಯ ಏರಿನಲ್ಲಿ ಜೋರು ಮಳೆ ಬಿದ್ದಾಗಲೆಲ್ಲ ತಪ್ಪಿ ತಪ್ಪಿ ಉರಿಯತೊಡಗಿತು. ಮಳೆ ನಿಂತು ಹತ್ತು ನಿಮಿಷಕ್ಕೆ ಸರಿಯಾಗುತ್ತಿತ್ತು. ಮುಚ್ಚಳ ತೆಗೆದರೂ ಚೋಕ್ ಎಳೆದರೂ ವ್ಯತ್ಯಾಸವಿರಲಿಲ್ಲ. ಹವೆಗೆ ತಕ್ಕಂತೆ ಬಂದು ಹೋಗುವ ದೋಷವೆಂದರೆ ಇದು. ಎರಡೂ ದೋಷಗಳು ಒಂದೇ ದಿನ ಒಂದೇ ಗಾಡಿಯಲ್ಲಿ ಇದ್ದುದರಿಂದಲೇ ನಮಗೆ ಗೊಂದಲವಾಗಿತ್ತು. ಒಂದನ್ನು ಕಳೆದ ಮೇಲೆ ಉಳಿದದ್ದರ ಗುರುತು ಸ್ಪಷ್ಟವಾಯಿತು.

ವೋಲ್ಟೇಜ್ ಏರಿಸುವ ಕಾಯಿಲ್‌ನಿಂದ ಪ್ಲಗ್ಗಿಗೆ ಹೋಗುವ ಕರೆಂಟ್ ಸಾವಿರಾರು ವೋಲ್ಟಿನದು. ದಪ್ಪ ವೈರಿನಲ್ಲೋ ಅದರ ತುದಿಯ ಪ್ಲಗ್ ಕ್ಯಾಪಿನಲ್ಲೋ ಕೂದಲೆಳೆಯಷ್ಟು ಬಿರುಕಿದ್ದರೂ, ಒಣಹವೆಯಲ್ಲಿ ಏನೂ ಆಗದೆ, ನೀರು ತಗುಲಿದ ಕೂಡಲೇ ಕಿಡಿ ಆ ಬಿರುಕಿನಿಂದ ಎಂಜಿನ್ನಿನ ಲೋಹಕ್ಕೆ ಹಾರಿಬಿಡುತ್ತದೆ. ಬಿರುಕು ಬರುವುದು ಮಳೆಯಿಂದಲ್ಲ. ವರ್ಷಗಟ್ಟಲೆ ಎಂಜಿನ್ನಿನ ಕಾವಿಗೂ ನಮ್ಮ ಏಪ್ರಿಲ್ ಮೇ ತಿಂಗಳ ಬಿಸಿಲಿಗೂ ರಬ್ಬರ್ ಗಟ್ಟಿಯಾಗಿ ಒಡೆಯುತ್ತದೆ. ಆಕ್ಸಿಲರೇಟರ್ ಹೆಚ್ಚಿದಾಗ ಸಿಲಿಂಡರಿನ ಒಳಗಿನ ಒತ್ತಡವೂ ಹೆಚ್ಚಿ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುವುದು ಕಠಿಣವಾಗುತ್ತದೆ, ಆಗ ಅದು ಸುಲಭವಾದ ಬಿರುಕಿನ ದಾರಿ ಹಿಡಿಯುತ್ತದೆ. ಏರಿನಲ್ಲಿ ಮಾತ್ರ ತಪ್ಪುವುದಕ್ಕೆ ಇದೇ ಕಾರಣ.

ಇದನ್ನು ಕಣ್ಣಿನಿಂದಲೇ ಕಾಣಬಹುದು. ಕತ್ತಲಾದ ಮೇಲೆ ಎಲ್ಲ ಬೆಳಕು ಆರಿಸಿ, ಎಂಜಿನ್ ಓಡುತ್ತಿರುವಾಗ ಪ್ಲಗ್ ಕ್ಯಾಪಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದರೆ, ಸೋರುವ ಜಾಗದಲ್ಲಿ ನೀಲಿ ಕಿಡಿ ಚಿಟಚಿಟ ಎಂದು ಹರಿದಾಡುತ್ತದೆ. ಕೈಯಿಂದ ಮುಟ್ಟಿ ನೋಡುವ ಸಾಹಸ ಮಾಡಬಾರದು. ನಾವು ಕತ್ತಲೆಗೆ ಕಾಯದೆ ಗೆಳೆಯನ ಗಾಡಿಯ ನೆರವು ಪಡೆದೆವು. ಇಬ್ಬರದೂ ಒಂದೇ ಮಾದರಿಯ ಗಾಡಿ. ಕ್ಯಾಪ್ ವೈರಿನ ತುದಿಗೆ ಸ್ಕ್ರೂವಿನಂತೆ ಕೂತಿರುತ್ತದೆ, ಎಡಕ್ಕೆ ತಿರುವಿದರೆ ಬಿಚ್ಚುತ್ತದೆ. ಎಂಜಿನ್ ಬಂದ್ ಮಾಡಿ ನನ್ನ ಕ್ಯಾಪನ್ನು ಅವನಿಗೂ ಅವನದನ್ನು ನನಗೂ ಹಾಕಿದೆವು. ಮುಂದಿನ ಜೋರು ಮಳೆಯಲ್ಲಿ ನನ್ನ ಗಾಡಿ ಸಲೀಸಾಗಿ ಏರಿತು, ಅವನದು ತಪ್ಪಿ ತಪ್ಪಿ ಉರಿಯತೊಡಗಿತು. ದೋಷವು ವಸ್ತುವಿನೊಡನೆ ಆ ಗಾಡಿಗೆ ಹೋದರೆ ಅದೇ ದೋಷಿ ಎಂಬುದಕ್ಕೆ ಬೇರೆ ಪುರಾವೆ ಬೇಡ. ಇದಕ್ಕಿಂತ ನಂಬಿಗಸ್ತ ಪರೀಕ್ಷೆಯನ್ನು ನಾನು ಕಂಡಿಲ್ಲ. ಜೊತೆ ಪ್ರಯಾಣಕ್ಕೆ ಒಂದೇ ಮಾದರಿಯ ಗಾಡಿಗಳಿದ್ದರೆ ಒಳ್ಳೆಯದೆಂದು ನಾನು ಹೇಳುವುದು ಇದಕ್ಕಾಗಿಯೇ.

ದಾರಿಯಲ್ಲಿ ಹೊಸ ಕ್ಯಾಪ್ ಸಿಗುವವರೆಗೆ, ಹಳೆಯದನ್ನು ಚೆನ್ನಾಗಿ ಒರೆಸಿ ಒಣಗಿಸಿ, ಸೈಕಲ್ ಟ್ಯೂಬಿನ ತುಂಡೊಂದನ್ನು ವೈರಿನ ಮೇಲಿಂದ ಕ್ಯಾಪಿನವರೆಗೆ ಬಿಗಿಯಾಗಿ ತೊಡಿಸಬಹುದು. ಪ್ಲಗ್ ಬಿಚ್ಚಿದಾಗ ಅದರ ಗ್ಯಾಪನ್ನೂ ನೋಡಬೇಕು; ಸಾಮಾನ್ಯವಾಗಿ 0.6ರಿಂದ 0.8 ಮಿಲಿಮೀಟರ್ ಇರುತ್ತದೆ, ನಿಮ್ಮ ಗಾಡಿಯ ಅಳತೆ ಅದರ ಜೊತೆ ಕೊಟ್ಟ ಪುಸ್ತಕದಲ್ಲಿದೆ. ಗ್ಯಾಪ್ ಹೆಚ್ಚಿದಷ್ಟೂ ಕಿಡಿಗೆ ಅಡ್ಡದಾರಿಯ ಆಸೆ ಹೆಚ್ಚು. ಪ್ಲಗ್ಗನ್ನು ಮರಳಿ ಕೂಡಿಸುವಾಗ ಮೊದಲ ಕೆಲವು ಸುತ್ತುಗಳನ್ನು ಬೆರಳಿನಿಂದಲೇ ತಿರುವಬೇಕು, ಪಾನಾ ಹಚ್ಚಿ ಓರೆಯಾಗಿ ಬಿಗಿದರೆ ಸಿಲಿಂಡರ್ ಹೆಡ್ಡಿನ ಮರೆ (ಥ್ರೆಡ್) ಹಾಳಾಗುತ್ತದೆ. ಕಿಡಿ ನೋಡಬೇಕೆಂದರೆ ಹೊಸ ಪ್ಲಗ್ಗೊಂದನ್ನು ಕ್ಯಾಪಿಗೆ ಹಾಕಿ, ಅದರ ಲೋಹದ ಭಾಗವನ್ನು ಎಂಜಿನ್ನಿಗೆ ಗಟ್ಟಿಯಾಗಿ ತಾಗುವಂತೆ ಇರಿಸಿ ಕಿಕ್ ಹೊಡೆಯಬೇಕು, ಹಳೆಯ ಪ್ಲಗ್ ತನ್ನ ಜಾಗದಲ್ಲೇ ಇರಲಿ. ಟ್ಯಾಂಕಿನ ಮುಚ್ಚಳ ತೆರೆದಿರುವಾಗಲೋ ಬಟ್ಟಲು ಇಳಿಸಿದ ಪೆಟ್ರೋಲ್ ಹತ್ತಿರವಿರುವಾಗಲೋ ಈ ಪರೀಕ್ಷೆಯನ್ನು ಎಂದಿಗೂ ಮಾಡಬಾರದು.

ಎಂಜಿನ್ನಿನದಲ್ಲದ ದೋಷಗಳು

ಗಾಡಿ ಎಳೆಯುತ್ತಿಲ್ಲ ಎಂಬ ದೂರು ಗದ್ದನಕೇರಿಯಿಂದ ಯರಗಟ್ಟಿಯವರೆಗೆ ನನ್ನದೂ ಆಗಿತ್ತು. ಮುಂಗಾರಿನಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತದೆ, ಬೆಳಗಾವಿಯತ್ತ ಹೋಗುವವನಿಗೆ ಅದು ಎದುರುಗಾಳಿ. ಬಯಲಿನಲ್ಲಿ ಅದನ್ನು ತಡೆಯಲು ಗಿಡಮರಗಳಿಲ್ಲ. ಇಬ್ಬರ ಗಾಡಿಗಳೂ ಒಂದೇ ಗೇರಿನಲ್ಲಿ ಒಂದೇ ರೀತಿ ತಿಣುಕುತ್ತಿದ್ದರೆ ಅದು ಗಾಳಿ, ಒಂದು ಮಾತ್ರ ತಿಣುಕಿದರೆ ಅದು ಗಾಡಿ. ಐದು ಕಿಲೋಮೀಟರ್ ಗಾಡಿ ಅದಲುಬದಲು ಮಾಡಿ ಓಡಿಸಿದರೆ ಇನ್ನೂ ಖಚಿತವಾಗುತ್ತದೆ. ಎದುರುಗಾಳಿಯಲ್ಲಿ ಪೆಟ್ರೋಲ್ ಹೆಚ್ಚು ಖರ್ಚಾಗುವುದರಿಂದ, ಲೆಕ್ಕದ ಪ್ರಕಾರ ಇನ್ನೂ ಇರಬೇಕಿದ್ದ ಟ್ಯಾಂಕ್ ರಿಸರ್ವಿಗೆ ಬಂದಿರಬಹುದು. ಉಸಿರುಗಟ್ಟಿ ನಿಂತ ಗಾಡಿಯ ಕಾಕನ್ನು ಮೊದಲು ರಿಸರ್ವಿಗೆ ತಿರುಗಿಸಿ ನೋಡಬೇಕು.

ಎಂಜಿನ್ ಸದ್ದು ಏರಿದರೂ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಎಂಜಿನ್ನೂ ಏರದೆ, ಗಾಡಿ ಹಿಡಿದೆಳೆದಂತಾದರೆ ಡಬಲ್ ಸ್ಟ್ಯಾಂಡ್ ಹಾಕಿ ಚಕ್ರಗಳನ್ನು ಕೈಯಿಂದ ತಿರುಗಿಸಬೇಕು. ನೆನೆದ ಎರೆಹೊಲದ ದಾರಿಯಲ್ಲಿ ನೂರು ಹೆಜ್ಜೆ ಓಡಿದರೂ ಸಾಕು, ಟೈರು ಮತ್ತು ಮಡ್‌ಗಾರ್ಡಿನ ನಡುವೆ ಮಣ್ಣು ಮೆತ್ತಿ ಚಕ್ರವನ್ನೇ ಹಿಡಿದುಬಿಡುತ್ತದೆ. ಬಿಸಿಲು ಬಿದ್ದರೆ ಅದೇ ಮಣ್ಣು ಇಟ್ಟಿಗೆಯಾಗುತ್ತದೆ. ಕೋಲಿನಿಂದ ಆಗಲೇ ಕೆರೆದು ತೆಗೆಯಬೇಕು. ಡಾಂಬರು ಬಿಟ್ಟು ಇಳಿಯದಿರುವುದೇ ಇದಕ್ಕೆ ಸರಿಯಾದ ಉಪಾಯ. ಇಡೀ ದಿನದ ಮಳೆಯ ನಂತರ ಕೇಳುವ ಕಟಕಟ ಸದ್ದು ಬಹಳ ಸಲ ಎಣ್ಣೆ ತೊಳೆದುಹೋದ ಚೈನಿನದು. ರಾತ್ರಿ ತಂಗಿದಲ್ಲಿ ಒರೆಸಿ ಎಣ್ಣೆ ಬಿಟ್ಟರೆ ಹೋಗುತ್ತದೆ.

ಎರಡು ಎಚ್ಚರಿಕೆಗಳು

ಜಾಂಬೋಟಿ, ಕಣಕುಂಬಿಗಳಿರುವ ಖಾನಾಪುರದ ಕಾಡಿನಲ್ಲಿ ಹಳ್ಳಗಳು ತುಂಬಿ ತಗ್ಗಿನ ಸೇತುವೆಗಳ ಮೇಲೆ ನೀರು ಹರಿಯುವುದುಂಟು, ಅದನ್ನು ದಾಟಬಾರದು. ಯಾವ ಕಾರಣಕ್ಕಾದರೂ ಗಾಡಿ ನೀರಿನಲ್ಲಿ ಮುಳುಗಿ ನಿಂತರೆ ಮತ್ತೆ ಚಾಲೂ ಮಾಡಲೇಬಾರದು. ಸಿಲಿಂಡರಿಗೆ ನೀರು ಹೋಗಿದ್ದರೆ, ನೀರು ಗಾಳಿಯಂತೆ ಒತ್ತಿದರೆ ಕುಗ್ಗುವುದಿಲ್ಲವಾದ್ದರಿಂದ, ಸೆಲ್ಫ್ ಒತ್ತಿದ ಒಂದೇ ಹೊಡೆತಕ್ಕೆ ಕನೆಕ್ಟಿಂಗ್ ರಾಡ್ ಬಾಗಬಹುದು. ಪ್ಲಗ್ ಬಿಚ್ಚಿ, ಮುಖವನ್ನು ದೂರವಿಟ್ಟು, ಮೆಲ್ಲಗೆ ಕಿಕ್ ಹೊಡೆದು ನೀರು ಹೊರಹಾಕಬೇಕು. ಏರ್ ಫಿಲ್ಟರ್ ಮತ್ತು ಎಂಜಿನ್ ಆಯಿಲ್ ನೋಡಬೇಕು. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಗಾಡಿಯನ್ನು ಟೆಂಪೋದಲ್ಲಿ ಹಾಕಿ ಒಯ್ಯಬೇಕು. ಕಾಗದದ ಫಿಲ್ಟರ್ ನೆನೆದರೆ ಹಿಂಡಬಾರದು, ಬದಲಿಸಬೇಕು.

ಇಂಜೆಕ್ಷನ್ ಗಾಡಿಯಲ್ಲಿ ಚಾವಿ ತಿರುವಿದ ಕೂಡಲೇ ಟ್ಯಾಂಕಿನ ಕಡೆಯಿಂದ ಎರಡು ಮೂರು ಸೆಕೆಂಡ್ ಝುಯ್ ಎಂಬ ಪಂಪಿನ ಸದ್ದು ಬರಬೇಕು. ಸದ್ದಿಲ್ಲದಿದ್ದರೆ ಕಿಲ್ ಸ್ವಿಚ್, ಫ್ಯೂಸ್, ಬ್ಯಾಟರಿಗಳನ್ನು ನೋಡಬೇಕು. ನಿಂತ ಗಾಡಿಯ ಬ್ಯಾಟರಿ 12.4 ವೋಲ್ಟಿಗಿಂತ ಮೇಲಿರಬೇಕು, ಎಂಜಿನ್ ವೇಗವಾಗಿ ತಿರುಗುವಾಗ 13.5ರಿಂದ 14.5ರ ನಡುವೆ ಇರಬೇಕು. 15 ದಾಟಿದರೆ ಚಾರ್ಜಿಂಗ್ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ. ಮೀಟರಿನಲ್ಲಿ ಎಂಜಿನ್ ಚಿಹ್ನೆಯ ದೀಪ ಉಳಿದುಕೊಂಡಿದ್ದರೆ ಕನೆಕ್ಟರುಗಳನ್ನು ಒಂದೊಂದಾಗಿ ಬಿಚ್ಚಿ ಒಣಬಟ್ಟೆಯಿಂದ ಒರೆಸಿ ಹಾಕುವುದರಾಚೆಗೆ ದಾರಿಯಲ್ಲಿ ಕೈ ಹಾಕದಿರುವುದು ಒಳ್ಳೆಯದು.

ಮನೆಗೆ ಬಂದ ಮೇಲೆ

ಮರಳಿ ಬರುವಾಗ ಲೋಕಾಪುರದ ಈಚೆ ಬಿಸಿಲು ಬಿತ್ತು, ಎರಡೂ ಗಾಡಿಗಳು ಏನೂ ಆಗಿಲ್ಲವೆಂಬಂತೆ ಓಡಿದವು. ಬಿಸಿಲಿನಲ್ಲಿ ಸರಿಹೋದ ಗಾಡಿಯನ್ನು ಸರಿಯಾಯಿತೆಂದು ಬಿಟ್ಟರೆ ಮುಂದಿನ ಮಳೆಯಲ್ಲಿ ಅದೇ ಏರಿನಲ್ಲಿ ನಿಲ್ಲಬೇಕಾಗುತ್ತದೆ. ದೋಷವನ್ನು ಮನೆಯಂಗಳದಲ್ಲಿ ಮತ್ತೆ ಬರಿಸಿ, ಆಮೇಲೆ ಕಳೆಯಬೇಕು.

ವಿಜಯಪುರ ಸೇರಿದ ಮಾರನೆಯ ದಿನ ಬಿರುಕಿನ ಕ್ಯಾಪನ್ನು ಮರಳಿ ನನ್ನ ಗಾಡಿಗೆ ಹಾಕಿ ಎಂಜಿನ್ ಚಾಲೂ ಮಾಡಿದೆವು. ನಾನು ಹಿಂದಿನ ಬ್ರೇಕ್ ತುಳಿದು, ಎರಡನೆಯ ಗೇರಿನಲ್ಲಿ ಕ್ಲಚ್ಚನ್ನು ತುಸು ಬಿಟ್ಟು ಎಂಜಿನ್ನಿಗೆ ಭಾರ ಕೊಟ್ಟೆ. ಗೆಳೆಯ ತಂಬಿಗೆಯಿಂದ ಸಣ್ಣಗೆ ಧಾರೆಯಾಗಿ, ಕಾದ ಸಿಲಿಂಡರಿಗೆ ತಾಗದಂತೆ, ಕ್ಯಾಪಿನ ಮೇಲಷ್ಟೇ ನೀರು ಬಿಟ್ಟ. ಎರಡು ಉಸಿರಿನಷ್ಟು ಹೊತ್ತಿಗೆ ಕಣಕುಂಬಿಯ ಏರಿನ ಅದೇ ಪಟ್ ಪಟ್ ಕೇಳಿಸಿತು. ಕ್ಯಾಪನ್ನು ಬಿಚ್ಚಿ ಬಗ್ಗಿಸಿ ನೋಡಿದಾಗ, ಮೊಣಕೈಯಂತೆ ತಿರುಗುವ ಜಾಗದ ಒಳಮಗ್ಗುಲಲ್ಲಿ ಉಗುರಿನಷ್ಟು ಉದ್ದದ ಬಿರುಕು ಬಾಯಿ ಬಿಟ್ಟಿತು, ಅದರ ಅಂಚಿನಲ್ಲಿ ಕಿಡಿ ಸುಟ್ಟ ಬೂದುಬಣ್ಣದ ಗೆರೆಯಿತ್ತು. ಹೊಸ ಕ್ಯಾಪ್ ತಂದು, ಹಳೆಯ ವೈರಿನ ತುದಿಯನ್ನು ಅರ್ಧ ಸೆಂಟಿಮೀಟರ್ ಕತ್ತರಿಸಿ ಹೊಳೆಯುವ ತಾಮ್ರಕ್ಕೆ ಅದನ್ನು ಕೂಡಿಸಿ, ಅದೇ ಗೇರಿನಲ್ಲಿ ಅದೇ ಭಾರ ಕೊಟ್ಟೆ. ಗೆಳೆಯ ತಂಬಿಗೆ ಬಿಟ್ಟು ಕೊಡದಿಂದಲೇ ನೀರು ಬಿಟ್ಟ. ಕೊಡ ಬರಿದಾಗುವವರೆಗೂ ಎಂಜಿನ್ನಿನ ಸದ್ದು ಒಂದೇ ಸಮನಾಗಿತ್ತು.